ನಿಂತಾಗಲೇ ಪಿಚರ್ ಭುಜ ಓರೆ: ಇಲೀಗಲ್ ಪಿಚ್ ಕೊಟ್ಟಿದ್ದು ಸರಿಯಾ?

ಶಿರಸಿ_ಪಿಟಿ_ಟೀಚರ್:
14 ವರ್ಷದೊಳಗಿನ ಹುಡುಗಿಯರ ಸಾಫ್ಟ್‌ಬಾಲ್ ಪಂದ್ಯಕ್ಕೆ ನಾನೇ ಅಂಪೈರ್ ಆಗಿದ್ದೆ. ಒಬ್ಬ ಪಿಚರ್ (ಚೆಂಡು ಎಸೆಯುವವಳು) ಥರ್ಡ್ ಬೇಸ್ ಕಡೆ ಸ್ವಲ್ಪ ತಿರುಗಿ ನಿಲ್ಲುತ್ತಿದ್ದಳು. ಕೈ ಸುತ್ತುವಾಗಲಂತೂ ಸೊಂಟ ಪೂರ್ತಿ ಅಡ್ಡ. ಎದುರು ಕೋಚ್ ಪ್ರತಿ ಎಸೆತಕ್ಕೂ ಕೂಗಾಟ. ಮೂರು ಸಲ ಇಲೀಗಲ್ ಪಿಚ್ (ನಿಯಮ ಮೀರಿದ ಎಸೆತ) ಕೊಟ್ಟು ಬ್ಯಾಟರ್ ಪರ ಒಂದೊಂದು 'ಬಾಲ್' ಎಣಿಸಿದೆ. ಪಾಪ, ಆ ಪಿಚರ್ ಅಳೋಕೆ ಶುರು ಮಾಡಿದಳು.

ಕಾರವಾರ_ಅಂಪೈರ್:
ಅಕ್ಕೋರೇ, ಇಲ್ಲಿ ಎರಡು ವಿಷಯ ಕಲಸಿಹೋಗಿದೆ. ಕೈ ಸುತ್ತುವಾಗ ಮೈ ತಿರುಗುವುದು ತಪ್ಪಲ್ಲ, ಕೈಯನ್ನು ಪೂರ್ತಿ ಸುತ್ತಿಸುವ ವಿಂಡ್‌ಮಿಲ್ ಎಸೆತವೇ ಹಾಗೆ. ಭುಜ ನೋಡಬೇಕಾದ್ದು ಅದಕ್ಕೂ ಮೊದಲು, ಎರಡೂ ಕೈ ಸೇರಿಸಿ ಅಲುಗಾಡದೆ ನಿಂತಾಗ. ಭುಜಗಳು ಫಸ್ಟ್ ಬೇಸಿನಿಂದ ಥರ್ಡ್ ಬೇಸಿಗೆ ಎಳೆದ ಗೆರೆಯ ಸಾಲಿನಲ್ಲೇ ಇರಬೇಕು. ಪಾದ ಎರಡೂ ಪಿಚರ್ ಪ್ಲೇಟಿಗೆ (ನಿಂತು ಎಸೆಯಲು ನೆಲದಲ್ಲಿ ಕೂರಿಸಿದ ಪಟ್ಟಿ) ತಾಗಿರಬೇಕು, ಅದರ 61 ಸೆಂ.ಮೀ. ಉದ್ದದ ಆಚೆ ಹೋಗಬಾರದು. ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದು ಒಂದೊಂದು ನಿಯಮ ಪುಸ್ತಕದಲ್ಲಿ ಒಂದೊಂದು ಥರ ಇದೆ, ಪಂದ್ಯಕ್ಕೆ ಮೊದಲೇ ಕೇಳಿಕೊಳ್ಳಿ.

ನಾನು ಕ್ಯಾಚರ್ ಹಿಂದಿನಿಂದ ಎದೆಯ ಮೇಲಿನ ನಂಬರ್ ಪೂರ್ತಿ ಕಾಣುತ್ತದಾ ಅಂತ ನೋಡುತ್ತೇನೆ. ಇದು ನಿಯಮ ಅಲ್ಲ, ನನ್ನ ಅಭ್ಯಾಸ ಅಷ್ಟೇ.

ಆದರೆ ನಿಂತಾಗಲೇ ಓರೆ ಇದ್ದಳು ಅಂತೀರಿ. ಪಿಚರ್ ಪ್ಲೇಟ್ ಕೂರಿಸಿದ್ದು ಯಾರು?

ಶಿರಸಿ_ಪಿಟಿ_ಟೀಚರ್:
ಹುಡುಗರೇ. ಮಳೆಗೆ ಕಿತ್ತು ಬಂದಿತ್ತು, ಬೆಳಿಗ್ಗೆ ಅಂದಾಜಿನ ಮೇಲೆ ಮೊಳೆ ಹೊಡೆದರು. ಯಾಕೆ?

ಕಾರವಾರ_ಅಂಪೈರ್:
ಅಲ್ಲೇ ಇದೆ ನೋಡಿ! ಬ್ಯಾಟರ್ ನಿಲ್ಲುವ ಕಡೆಯ ಹೋಮ್ ಪ್ಲೇಟಿನ ಹಿಂದಿನ ಚೂಪು ತುದಿಯಿಂದ ಸುತಳಿ ಹಿಡಿದು, ಪಿಚರ್ ಪ್ಲೇಟಿನ ಮುಂದಿನ ಎರಡೂ ಮೂಲೆಗೆ ಅಳೆಯಿರಿ. ಅಳತೆ ಸಮ ಬರಬೇಕು. ಪ್ಲೇಟ್ ಓರೆಯಾದರೆ ಅದಕ್ಕೆ ಪಾದ ಜೋಡಿಸಿ ನಿಂತವಳೂ ಓರೆಯೇ.

ಕುಮಟಾ_ಕ್ಯಾಚರ್:
ಪ್ಲೇಟ್ ಮುಂದಿನ ಗುಂಡಿಯನ್ನೂ ನೋಡಿ ಮಾರಾಯ್ರೆ. ನಮ್ಮ ಕೆಂಪು ಮಣ್ಣಿನಲ್ಲಿ ನಾಲ್ಕು ಓವರ್ ಆಗೋದರೊಳಗೆ ಕಾಲು ಎಳೆದ ಜಾಗ ಹೊಂಡ. ಹೊಂಡ ತಪ್ಪಿಸೋಕೆ ಮಕ್ಕಳು ಅಡ್ಡ ನಿಲ್ಲುತ್ತಾರೆ. (ಓವರ್ ಅಲ್ಲ, ಇನ್ನಿಂಗ್ಸ್. ಕ್ರಿಕೆಟ್ ಬಾಯಿ!)

ಶಿರಸಿ_ಪಿಟಿ_ಟೀಚರ್:
ಅಳೆದೆ. ಥರ್ಡ್ ಬೇಸ್ ಕಡೆಯ ಮೂಲೆ ನಾಲ್ಕು ಇಂಚು ಹಿಂದೆ ಇದೆ! ಇನ್ನೊಂದು ತಂಡದ ಪಿಚರ್ ನೆಟ್ಟಗೇ ನಿಂತಿದ್ದಳಲ್ಲ ಅಂದುಕೊಂಡೆ. ವಿಡಿಯೋ ನೋಡಿದರೆ ಅವಳ ಒಂದು ಕಾಲು ಪ್ಲೇಟಿಗೆ ತಾಗೇ ಇಲ್ಲ. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅತ್ತ ಹುಡುಗಿಗೆ ಫೋನ್ ಮಾಡಿ ಹೇಳಿದೆ. "ಹಾಗಾದ್ರೆ ನಾ ಸರಿ ನಿಂತಿದ್ನಾ ಅಕ್ಕೋರೇ?" ಅಂತ ಎರಡು ಸಲ ಕೇಳಿದಳು.