ಏಜ್ ಆಫ್ ಎಂಪೈರ್ಸ್ 2 ಕಾಂಕರರ್ಸ್ ಹೊಸ ಲ್ಯಾಪ್‌ಟಾಪಲ್ಲಿ ಓಪನ್ನೇ ಆಗ್ತಿಲ್ಲ, ಎಲ್ಲಾ ಮಾಡಿ ನೋಡಾಯ್ತು

ಕೋಟೆಗೋಡೆ
ತಲೆ ಕೆಟ್ಟುಹೋಗಿದೆ. ಇನ್‌ಸ್ಟಾಲ್ ಸಲೀಸಾಗಿ ಆಯ್ತು, ಐಕಾನ್ ಬಂತು. ಡಬಲ್ ಕ್ಲಿಕ್ ಮಾಡಿದ್ರೆ ಕರ್ಸರ್ ಪಕ್ಕ ಒಂದು ಸುತ್ತು ತಿರುಗಿ ನಿಲ್ಲುತ್ತೆ, ಅಷ್ಟೇ. ಎರರ್ ಇಲ್ಲ, ಕಪ್ಪು ಸ್ಕ್ರೀನ್ ಇಲ್ಲ, ಸದ್ದೂ ಇಲ್ಲ. ಹಳೆ ಸಿಸ್ಟಮ್‌ನಲ್ಲಿ ಇದೇ ಸಿಡಿ ಚೆನ್ನಾಗಿ ಓಡ್ತಿತ್ತು. 32 ಎಂಬಿ ರ್‍ಯಾಮ್ ಕೇಳೋ ಗೇಮ್ 16 ಜಿಬಿ ಇರೋ ಮಷಿನ್ನಲ್ಲಿ ಓಡಲ್ಲ ಅಂದ್ರೆ ಏನರ್ಥ? ವಿಡಿಯೋಗಳಲ್ಲಿ ಹೇಳಿದ್ದೆಲ್ಲ ಮಾಡಿದ್ದೀನಿ. ದಯವಿಟ್ಟು ಗೂಗಲ್ ಮಾಡಿ ಅನ್ನಬೇಡಿ.

ರೈಟ್‌ಕ್ಲಿಕ್_ರಂಗ
ಸಿಂಪಲ್. ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ಟ್ಯಾಬ್. ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3 ಆರಿಸಿ, ರನ್ ಆ್ಯಸ್ ಅಡ್ಮಿನ್ ಟಿಕ್ ಹಾಕಿ. ನೂರಕ್ಕೆ ತೊಂಬತ್ತು ಗೇಮ್ ಇದರಲ್ಲೇ ಎದ್ದೇಳುತ್ತೆ.

ಕೋಟೆಗೋಡೆ
ಎಲ್ಲಾ ಮಾಡಿದ್ದೀನಿ ಅಂದ್ನಲ್ಲ. ಆಗಲ್ಲ.

ರೈಟ್‌ಕ್ಲಿಕ್_ರಂಗ
ಎಕ್ಸ್‌ಪಿ ಬೇಡ, ವಿಂಡೋಸ್ 98 ಆರಿಸಿ. ಜತೆಗೆ ರೆಡ್ಯೂಸ್ಡ್ ಕಲರ್ ಮೋಡ್‌ನಲ್ಲಿ 8 ಬಿಟ್. ಶಾರ್ಟ್‌ಕಟ್‌ಗೆ ಅಲ್ಲ, ಫೋಲ್ಡರ್ ಒಳಗಿರೋ ಎಕ್ಸಿಗೇ (ಗೇಮ್ ಓಡಿಸೋ .exe ಫೈಲ್) ಹಾಕ್ಬೇಕು.

ಪೇಡಾ_ಪಿಕ್ಸೆಲ್
ರಂಗಣ್ಣ, ಆ ಟ್ಯಾಬ್ ಬಿಟ್ಟು ಹೊರಗ ಬರ್ರಿ. ಮೊದಲ ಡೈರೆಕ್ಟ್‌ಪ್ಲೇ (ಹಳೇ ಗೇಮ್‌ಗಳು ನೆಟ್‌ವರ್ಕ್‌ನ್ಯಾಗ ಆಡಾಕ ಬಳಸೋ ವಿಂಡೋಸ್ ಭಾಗ) ಆನ್ ಐತಿಲ್ಲೋ ನೋಡ್ಬೇಕು. ಕಂಟ್ರೋಲ್ ಪ್ಯಾನೆಲ್, ಪ್ರೋಗ್ರಾಮ್ಸ್, ವಿಂಡೋಸ್ ಫೀಚರ್ಸ್. ಅಲ್ಲಿ ಲೆಗಸಿ ಕಾಂಪೊನೆಂಟ್ಸ್ ಅಂತ ಇರ್ತೈತಿ, ಪ್ಲಸ್ ಒತ್ತಿದ್ರ ಡೈರೆಕ್ಟ್‌ಪ್ಲೇ ಕಾಣತೈತಿ. ಟಿಕ್ ಹಾಕಿ ರೀಸ್ಟಾರ್ಟ್ ಮಾಡ್ರಿ.

ಹೆಕ್ಸ್‌ಡಂಪ್
ಡೈರೆಕ್ಟ್‌ಪ್ಲೇ ಇಲ್ಲದಿದ್ರೆ ವಿಂಡೋಸೇ ಒಂದು ಕಿಟಕಿ ತೆರೆದು, ಈ ಆ್ಯಪ್‌ಗೆ ಈ ಫೀಚರ್ ಬೇಕು, ಹಾಕಲಾ ಅಂತ ಕೇಳುತ್ತೆ. ಇಲ್ಲಿ ಅದೂ ಬರ್ತಿಲ್ಲ. ಹಾಕಿಡಿ, ಮುಂದೆ ಲ್ಯಾನ್‌ಗೆ (ಒಂದೇ ನೆಟ್‌ವರ್ಕ್‌ನಲ್ಲಿ ಜತೆಯಾಗಿ ಆಡೋಕೆ) ಬೇಕಾಗುತ್ತೆ. ಆದ್ರೆ ಇದು ಬೇರೆ ರೋಗ.

ಕೋಟೆಗೋಡೆ ಅವರೇ, ಇಷ್ಟು ಹೇಳಿ:
ವಿಂಡೋಸ್ 10 ಅಥವಾ 11?
ಸಿಡಿ ಒರಿಜಿನಲ್ಲಾ, ಕಾಪಿನಾ, ಐಎಸ್‌ಒ (ಸಿಡಿಯ ಇಮೇಜ್ ಫೈಲ್) ಮೌಂಟ್ ಮಾಡಿದ್ದಾ?
1.0ಸಿ ಪ್ಯಾಚ್ (ಕಾಂಕರರ್ಸ್‌ನ ಅಧಿಕೃತ ಅಪ್‌ಡೇಟ್) ಹಾಕಿದ್ದೀರಾ?
ಕ್ಲಿಕ್ ಮಾಡಿದ ಕೂಡಲೇ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬಲ್ಲಿ ಯಾವ ಹೆಸರು ಬಂದು ಹೋಗುತ್ತೆ?

ಹಳೇಬೋರ್ಡ್
ಇಷ್ಟೆಲ್ಲ ಯಾಕೆ ಒದ್ದಾಟ? ಪೆಂಟಿಯಂ 3 800, 256 ಎಂಬಿ ಎಸ್‌ಡಿರ್‍ಯಾಮ್, ವೂಡೂ 3 ಗ್ರಾಫಿಕ್ಸ್ ಕಾರ್ಡ್, 17 ಇಂಚಿನ ಸಿಆರ್‌ಟಿ, ವಿಂಡೋಸ್ 98 ಎಸ್‌ಇ. ಸಿಡಿ ಹಾಕು, ಆಡು. ಮೆನು 800-600ರಿಂದ ಗೇಮ್‌ನ 1024-768ಕ್ಕೆ ಹೋಗುವಾಗ ಮಾನಿಟರ್ ಟಕ್ ಅನ್ನೋ ಸದ್ದು ಎಲ್‌ಸಿಡಿಯಲ್ಲಿ ಸಿಗಲ್ಲ.

ಪೇಡಾ_ಪಿಕ್ಸೆಲ್
ಈ ಗೇಮ್ ಪೂರಾ 2ಡಿ, ಡೈರೆಕ್ಟ್‌ಡ್ರಾ (ವಿಂಡೋಸಿನ ಹಳೇ 2ಡಿ ಚಿತ್ರ ವ್ಯವಸ್ಥಾ) ರೀ. ವೂಡೂ ಕಾರ್ಡಿನ 3ಡಿಗೆ ಇಲ್ಲಿ ಏನೂ ಕೆಲಸ ಇಲ್ಲ, ಸುಮ್ನ ಕೂತಿರ್ತೈತಿ.

ಹಳೇಬೋರ್ಡ್
ಕಾರ್ಡ್ ಕೂತಿರಲಿ ಬಿಡಿ, ಚಂದ ಇದೆ. ರ್‍ಯಾಮ್ ಬಗ್ಗೆ ಒಂದು ಮಾತು: ಯಾರಾದ್ರೂ 98 ಮಷಿನ್ ಕಟ್ಟೋದಾದ್ರೆ 512 ಎಂಬಿ ದಾಟಬೇಡಿ. ದಾಟಿದ್ರೆ ವಿಕ್ಯಾಶ್ (98ರ ಡಿಸ್ಕ್ ಕ್ಯಾಶ್) ತಾನೇ ವಿಳಾಸಗಳನ್ನೆಲ್ಲ ನುಂಗಿ, ಮೆಮೊರಿ ಸಾಲದು ಅಂತ ಎರರ್ ಕೊಡುತ್ತೆ. ಸಿಸ್ಟಮ್ ಡಾಟ್ ಐಎನ್‌ಐನಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್‌ಗೆ ಮಿತಿ ಹಾಕ್ಬೇಕು.

ಕೋಟೆಗೋಡೆ
11. ಸಿಡಿ ಒರಿಜಿನಲ್, ಮೂಲ ಗೇಮ್ ಏಜ್ ಆಫ್ ಕಿಂಗ್ಸ್, ಅದರ ವಿಸ್ತರಣೆ ಕಾಂಕರರ್ಸ್, ಎರಡೂ. ಎಸ್.ಪಿ. ರೋಡಲ್ಲಿ ತಗೊಂಡ ಯುಎಸ್‌ಬಿ ಡಿವಿಡಿ ಡ್ರೈವ್‌ನಲ್ಲಿ ಹಾಕಿದ್ದೀನಿ. ಪ್ಯಾಚ್ ಹಾಕಿಲ್ಲ. ಟಾಸ್ಕ್ ಮ್ಯಾನೇಜರಲ್ಲಿ ಏಜ್2_ಎಕ್ಸ್1 ಅಂತ ಒಂದು ಕ್ಷಣ ಬಂದು ಮಾಯ. ಇದೆಲ್ಲ ಮುಖ್ಯನಾ?

ರೈಟ್‌ಕ್ಲಿಕ್_ರಂಗ
11 ಅಂದ್ರೆ 64 ಬಿಟ್. ಹಳೆ ಗೇಮ್ 16 ಬಿಟ್. ಅದಕ್ಕೇ ಓಡಲ್ಲ. ಕೇಸ್ ಕ್ಲೋಸ್.

ಹೆಕ್ಸ್‌ಡಂಪ್
ಅಲ್ಲ ರಂಗ. 16 ಬಿಟ್ ಫೈಲ್ ಆಗಿದ್ರೆ, ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡಲ್ಲ ಅಂತ ನೀಲಿ ಪಟ್ಟಿ ಬರುತ್ತೆ. 95ರ ಕಾಲದ ಎಷ್ಟೋ ಗೇಮ್‌ಗಳ ಸೆಟಪ್ ಹಾಗೆ ಸಾಯುತ್ತೆ, ನಿಜ. ಇವರಿಗೆ ಇನ್‌ಸ್ಟಾಲ್ ಆಗಿದೆ, ಎಕ್ಸಿ ಒಂದು ಕ್ಷಣ ಬದುಕಿದೆ.

ಮುಖ್ಯ ಸುಳಿವು ಒರಿಜಿನಲ್ ಸಿಡಿ, ಪ್ಯಾಚ್ ಇಲ್ಲ ಅನ್ನೋದು. ಗೇಮ್ ಫೋಲ್ಡರ್ ಒಳಗಿನ ಏಜ್2_ಎಕ್ಸ್1 ಫೋಲ್ಡರ್ ತೆಗೆದು ನೋಡಿ. ಎಕ್ಸಿ ಪಕ್ಕದಲ್ಲೇ ಅದೇ ಹೆಸರಿನ ಐಸಿಡಿ ಫೈಲ್ ಇರುತ್ತೆ. ನಿಜವಾದ ಗೇಮ್ ಇರೋದು ಅದರಲ್ಲಿ, ಗೂಢಲಿಪಿಯಲ್ಲಿ. ಎಕ್ಸಿ ಬರೀ ಸೇಫ್‌ಡಿಸ್ಕ್ ಅನ್ನೋ ಕಾಪಿ ತಡೆ ವ್ಯವಸ್ಥೆಯ ಲೋಡರ್. ಸಿಡಿಯ ಶುರುವಿನ ಭಾಗದಲ್ಲಿ ಬೇಕಂತಲೇ ಬಿಟ್ಟಿರೋ ಕೆಟ್ಟ ಸೆಕ್ಟರ್‌ಗಳಿವೆಯಾ ನೋಡಿ, ಇದ್ರೆ ಐಸಿಡಿಯನ್ನ ಬಿಚ್ಚಿ ಓಡಿಸೋದು ಅದರ ಕೆಲಸ. ಆ ತಪಾಸಣೆಗೆ ಸೆಕ್‌ಡ್ರೈವ್ (secdrv) ಅನ್ನೋ ಕರ್ನಲ್ ಡ್ರೈವರ್, ಅಂದ್ರೆ ವಿಂಡೋಸ್‌ನ ತಿರುಳಲ್ಲೇ ಓಡೋ ಡ್ರೈವರ್ ಬೇಕು. ಎಕ್ಸ್‌ಪಿಯಲ್ಲಿ ಅದು ಜತೆಗೇ ಬರ್ತಿತ್ತು. 2007ರಲ್ಲಿ ಅದರಲ್ಲಿ ಭದ್ರತಾ ತೂತು ಸಿಕ್ತು. 2015ರಲ್ಲಿ ವಿಂಡೋಸ್ 10ಗೆ ಅದನ್ನ ಹಾಕಲೇ ಇಲ್ಲ, ಅದೇ ಸೆಪ್ಟೆಂಬರ್‌ನಲ್ಲಿ 3086255 ನಂಬರಿನ ಅಪ್‌ಡೇಟ್ ಬಂದು ವಿಸ್ಟಾ, 7, 8ರಲ್ಲೂ ಆಫ್ ಮಾಡ್ತು. ಡ್ರೈವರ್ ಸಿಗದ ಲೋಡರ್ ಮಾತಾಡದೆ ಸಾಯುತ್ತೆ. ಕಂಪ್ಯಾಟಿಬಿಲಿಟಿ ಟ್ಯಾಬಲ್ಲಿ ಏನು ಒತ್ತಿದ್ರೂ ಇಲ್ಲದ ಡ್ರೈವರ್ ಹುಟ್ಟಲ್ಲ.

ಖಾತ್ರಿ ಮಾಡ್ಕೊಳ್ಳೋಕೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಸಿ ಕ್ವೆರಿ ಅಂತ ಹೊಡೆದು ಆ ಡ್ರೈವರ್‌ನ ಹೆಸರು ಕೊಡಿ. 1060 ಎರರ್ ಬಂದ್ರೆ, ಅಂಥ ಸರ್ವಿಸೇ ಇಲ್ಲ ಅಂತ ಅರ್ಥ.

ಕೋಟೆಗೋಡೆ
1060 ಬಂತು. ಮುಂದೆ?

ರೈಟ್‌ಕ್ಲಿಕ್_ರಂಗ
ಹಾಗಾದ್ರೆ ಆ ಡ್ರೈವರ್ ಡೌನ್‌ಲೋಡ್ ಮಾಡಿ ಸಿಸ್ಟಮ್32ಗೆ ಹಾಕಿ. ಟೆಸ್ಟ್ ಸೈನಿಂಗ್ (ಅಧಿಕೃತ ಸಹಿ ಇಲ್ಲದ ಡ್ರೈವರ್‌ನೂ ಬಿಡೋ ಮೋಡ್) ಆನ್ ಮಾಡಿದ್ರೆ ಆಯ್ತು.

ಹೆಕ್ಸ್‌ಡಂಪ್
ದಯವಿಟ್ಟು ಬೇಡ. ಸಿಡಿಯಲ್ಲಿರೋದು 32 ಬಿಟ್ ಡ್ರೈವರ್, 64 ಬಿಟ್ ಕರ್ನಲ್ ಅದನ್ನ ಮುಟ್ಟೋದೂ ಇಲ್ಲ. ಟೆಸ್ಟ್ ಸೈನಿಂಗ್‌ಗೆ ಸೆಕ್ಯೂರ್ ಬೂಟ್ ಆಫ್ ಮಾಡ್ಬೇಕು. ಒಂದು ಗೇಮ್‌ಗೋಸ್ಕರ ಗೊತ್ತಿರೋ ತೂತಿನ ಡ್ರೈವರ್‌ನ, ಯಾವುದೋ ಸೈಟಿಂದ ತಂದು ಕರ್ನಲ್‌ಗೆ ಹಾಕೋದು ಹುಚ್ಚು.

ದಾರಿ ಯೂಸರ್‌ಪ್ಯಾಚ್ 1.5. ಅಭಿಮಾನಿಗಳು ಮಾಡಿದ್ದು, ಉಚಿತ. ಈ ಕ್ರಮದಲ್ಲಿ ಹೋಗಿ:

1. ಈಗಿರೋದನ್ನ ತೆಗೆದು, ಸಿ ಡ್ರೈವ್‌ನಲ್ಲಿ ಗೇಮ್ಸ್ ಅಂತ ಫೋಲ್ಡರ್ ಮಾಡಿ ಅಲ್ಲಿಗೆ ಇನ್‌ಸ್ಟಾಲ್ ಮಾಡಿ. ಪ್ರೋಗ್ರಾಮ್ ಫೈಲ್ಸ್ ಬೇಡ. ಈ ಗೇಮ್ ಸೇವ್‌ಗಳನ್ನ ತನ್ನ ಫೋಲ್ಡರ್‌ಗೇ ಬರೆಯುತ್ತೆ, ವಿಂಡೋಸ್ ಅದನ್ನ ತಡೆದು ವರ್ಚುವಲ್‌ಸ್ಟೋರ್ ಅನ್ನೋ ಬೇರೆ ಫೋಲ್ಡರ್‌ಗೆ ತಳ್ಳುತ್ತೆ. ಆಮೇಲೆ ಸೇವ್ ಎಲ್ಲಿ ಹೋಯ್ತು ಅಂತ ಇನ್ನೊಂದು ಗೋಳು.
2. ಮೊದಲು ಏಜ್ ಆಫ್ ಕಿಂಗ್ಸ್ ಸಿಡಿ, ಆಮೇಲೆ ಕಾಂಕರರ್ಸ್ ಸಿಡಿ.
3. 1.0ಸಿ ಪ್ಯಾಚ್.
4. ಯೂಸರ್‌ಪ್ಯಾಚ್‌ನ ಸೆಟಪ್‌ಎಒಸಿ ಫೈಲನ್ನ ಎಂಪೈರ್ಸ್2 ಎಕ್ಸಿ ಇರೋ ಮುಖ್ಯ ಫೋಲ್ಡರ್‌ಗೆ ಹಾಕಿ, ಅಲ್ಲಿಂದಲೇ ಅಡ್ಮಿನ್ ಆಗಿ ಓಡಿಸಿ. ಡೌನ್‌ಲೋಡ್ಸ್‌ನಿಂದ ಓಡಿಸಿದ್ರೆ ಗೇಮ್ ಸಿಗಲ್ಲ. ಪಟ್ಟಿಯಲ್ಲಿ ವೈಡ್‌ಸ್ಕ್ರೀನ್ ಟಿಕ್ ಮಾಡಿ.

ಸೇಫ್‌ಡಿಸ್ಕ್ ಲೋಡರ್ ಜಾಗಕ್ಕೆ ನೇರವಾಗಿ ಓಡೋ ಎಕ್ಸಿ ಬರುತ್ತೆ. ಹುಲ್ಲು ನೀರು ಬಣ್ಣ ಕೆಡೋ ಹಳೆ ಕಾಯಿಲೆಗೂ ಅದರಲ್ಲೇ ಮದ್ದಿದೆ.

ಹಳೇಬೋರ್ಡ್
ಬಣ್ಣಕ್ಕೆ ಪ್ಯಾಚ್ ಯಾಕೆ? ಟಾಸ್ಕ್ ಮ್ಯಾನೇಜರಲ್ಲಿ ಎಕ್ಸ್‌ಪ್ಲೋರರ್ ಎಂಡ್ ಮಾಡಿ ಗೇಮ್ ಶುರು ಮಾಡಿದ್ರೆ ಆಯ್ತು.

ಹೆಕ್ಸ್‌ಡಂಪ್
ಅದು 7ರ ಕಾಲದ ಉಪಾಯ. 256 ಬಣ್ಣದ ಪ್ಯಾಲೆಟ್ ಒಂದೇ, ಎಕ್ಸ್‌ಪ್ಲೋರರ್ ತನ್ನ ಬಣ್ಣಗಳಿಗೆ ಅದರಲ್ಲಿ ಕೈ ಹಾಕ್ತಿತ್ತು. 8ರಿಂದ ಈಚೆಗೆ 8 ಬಿಟ್ ಮೋಡ್ ಅನ್ನೋದೇ ಎಮ್ಯುಲೇಶನ್. ಬೇರೆ ಡೈರೆಕ್ಟ್‌ಡ್ರಾ ಗೇಮ್‌ಗಳಿಗೆ ಸಿಎನ್‌ಸಿ-ಡಿಡ್ರಾ (ಡೈರೆಕ್ಟ್‌ಡ್ರಾ ಬದಲಿಗೆ ಕೆಲಸ ಮಾಡೋದು) ಹಾಕಿ, ಫೈಲ್‌ಗಳನ್ನ ಎಕ್ಸಿ ಪಕ್ಕ ಇಟ್ರೆ ಸಾಕು. ಆಲ್ಟ್-ಟ್ಯಾಬ್ ಮಾಡಿದಾಗ ಕ್ರ್ಯಾಶ್ ಆಗೋದೂ ಕಡಿಮೆಯಾಗುತ್ತೆ.

ಟಕ್ಸ್‌ಮಾವ
ಲಿನಕ್ಸ್‌ನಲ್ಲಿ ಇದೇ ಪ್ಯಾಚ್ ಹಾಕಿದ ಫೋಲ್ಡರ್ ವೈನ್‌ನಲ್ಲಿ (ಲಿನಕ್ಸಲ್ಲಿ ವಿಂಡೋಸ್ ಪ್ರೋಗ್ರಾಮ್ ಓಡಿಸೋ ಸಾಫ್ಟ್‌ವೇರ್) ನೆಟ್ಟಗೆ ಓಡುತ್ತೆ. ಲ್ಯಾನ್‌ಗೆ ವೈನ್‌ಟ್ರಿಕ್ಸ್‌ನಿಂದ ಡೈರೆಕ್ಟ್‌ಪ್ಲೇ ಹಾಕ್ಕೊಳ್ಳಿ. ಸಿಎನ್‌ಸಿ-ಡಿಡ್ರಾ ಬಳಸೋದಾದ್ರೆ ವೈನ್‌ಸಿಎಫ್‌ಜಿಯಲ್ಲಿ ಡಿಡ್ರಾಗೆ ನೇಟಿವ್ ಮೊದಲು, ಬಿಲ್ಟಿನ್ ಆಮೇಲೆ ಅಂತ ಓವರ್‌ರೈಡ್ ಕೊಡಬೇಕು, ಇಲ್ಲಾಂದ್ರೆ ವೈನ್ ತನ್ನದನ್ನೇ ಬಳಸುತ್ತೆ.

ರೈಟ್‌ಕ್ಲಿಕ್_ರಂಗ
ವಿಂಡೋಸ್ ಪ್ರಶ್ನೆಗೆ ಲಿನಕ್ಸ್ ಉತ್ತರ. ಹೀಗಾದ್ರೆ ಇದೇ ಗೇಮ್‌ನ 2019ರ ಹೊಸ ರೂಪ ಡೆಫಿನಿಟಿವ್ ಎಡಿಶನ್ ದುಡ್ಡು ಕೊಟ್ಟು ತಗೊಳ್ಳಿ ಅಂತ ನಾನೂ ಹೇಳ್ತೀನಿ.

ಪೇಡಾ_ಪಿಕ್ಸೆಲ್
ಹೇಳ್ರಿ, ತಪ್ಪೇನಿಲ್ಲ. ಆದ್ರ ಹಳೇ ಎಕ್ಸಿ ಇದ್ದವರ ಜೋಡಿ ಅದು ಕೂಡಿ ಆಡಂಗಿಲ್ಲ.

ಕೋಟೆಗೋಡೆ
ಓಪನ್ ಆಯ್ತು! ಆದ್ರೆ ಚಿತ್ರ ದೊಡ್ಡದಾಗಿ, ಬಲಗಡೆ ಕೆಳಗೆ ಕತ್ತರಿಸಿದ ಹಾಗಿದೆ. ಮಿನಿಮ್ಯಾಪ್ ಅರ್ಧ ಕಾಣ್ತಿಲ್ಲ. ಮೌಸ್ ಆ ಅಂಚಿಗೆ ಹೋದ್ರೂ ಮ್ಯಾಪ್ ಸರಿಯಲ್ಲ.

ಹೆಕ್ಸ್‌ಡಂಪ್
ಡಿಸ್‌ಪ್ಲೇ ಸ್ಕೇಲ್ 125 ಅಥವಾ 150 ಶೇಕಡಾ ಇರಬೇಕು. ಎಕ್ಸಿಯ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್. ಕೆಳಗಡೆ ಓವರ್‌ರೈಡ್‌ಗೆ ಟಿಕ್ ಹಾಕಿ, ಅಪ್ಲಿಕೇಶನ್ ಆರಿಸಿ. ಎಕ್ಸ್‌ಪಿ ಮೋಡ್, 8 ಬಿಟ್ ಅಂತ ಮುಂಚೆ ಹಾಕಿದ್ದ ಟಿಕ್‌ಗಳನ್ನೆಲ್ಲ ತೆಗೀರಿ.

ರೈಟ್‌ಕ್ಲಿಕ್_ರಂಗ
ಕಂಪ್ಯಾಟಿಬಿಲಿಟಿ ಟ್ಯಾಬ್. ಮೊದಲ ಉತ್ತರ ನೋಡಿ, ಯಾರದ್ದು ಅಂತ.

ಪೇಡಾ_ಪಿಕ್ಸೆಲ್
ಟ್ಯಾಬ್ ನಿಮ್ದ, ಟಿಕ್ ಬ್ಯಾರೆ ರೀ.

ಕೋಟೆಗೋಡೆ
ಸ್ಕೇಲ್ 150 ಇತ್ತು. ಈಗ ಪೂರ್ತಿ ಕಾಣ್ತಿದೆ. ತಮ್ಮನ ಲ್ಯಾಪ್‌ಟಾಪ್ ಜತೆ ಲ್ಯಾನ್ ಆಡೋಕೆ ಹೋದ್ರೆ ನಾನು ಹೋಸ್ಟ್ ಮಾಡಿದ ಗೇಮ್ ಅವನ ಪಟ್ಟಿಗೆ ಬರ್ತಾನೇ ಇಲ್ಲ. ವೈಫೈ ಒಂದೇ.

ರೈಟ್‌ಕ್ಲಿಕ್_ರಂಗ
ಫೈರ್‌ವಾಲ್ ಆಫ್ ಮಾಡಿ.

ಹೆಕ್ಸ್‌ಡಂಪ್
ಪೂರ್ತಿ ಆಫ್ ಬೇಡ. ಎರಡೂ ಮಷಿನ್ನಲ್ಲಿ ವೈಫೈ ಪ್ರೊಫೈಲ್ ಪ್ರೈವೇಟ್ ಇರಲಿ, ಎಕ್ಸಿಗೆ ಮಾತ್ರ ಅನುಮತಿ ಕೊಡಿ. ಹಳೆ ಗೈಡ್‌ಗಳು ಐಸಿಡಿ ಫೈಲ್‌ಗೆ ಅನುಮತಿ ಕೊಡಿ ಅಂತಾವೆ, ಯಾಕಂದ್ರೆ ಆಗ ಓಡ್ತಿದ್ದ ಪ್ರಾಸೆಸ್ ಅದು. ಈಗ ಓಡೋದು ಎಕ್ಸಿ, ಹಳೆ ರೂಲ್ ಇದ್ರೂ ಪ್ರಯೋಜನ ಇಲ್ಲ. ಪೋರ್ಟ್ ಲೆಕ್ಕದಲ್ಲಿ ಹಾಕೋದಾದ್ರೆ ಟಿಸಿಪಿ 47624, ಮತ್ತೆ 2300ರಿಂದ 2400ರವರೆಗೆ ಟಿಸಿಪಿ, ಯುಡಿಪಿ ಎರಡೂ.

ತಮ್ಮನ ಬಳಿಯೂ ಇದೇ ಯೂಸರ್‌ಪ್ಯಾಚ್ 1.5 ಇರಬೇಕು.

ಟಕ್ಸ್‌ಮಾವ
ವೈಫೈ ಒಂದೇ ಅಂದ್ರೂ ಒಬ್ಬರು ಗೆಸ್ಟ್ ನೆಟ್‌ವರ್ಕ್‌ನಲ್ಲಿದ್ರೆ ಅಥವಾ ರೌಟರ್‌ನಲ್ಲಿ ಕ್ಲೈಂಟ್ ಐಸೊಲೇಶನ್ ಆನ್ ಇದ್ರೆ ಒಬ್ಬರಿಗೊಬ್ಬರು ಕಾಣಲ್ಲ. ಮೊದಲು ಪಿಂಗ್ ಮಾಡಿ ನೋಡಿ. ಪಿಂಗ್‌ಗೆ ಉತ್ತರ ಬಂದ್ರೆ ಪಟ್ಟಿ ಕಾಯಬೇಡಿ, ಹೋಸ್ಟ್‌ನ ಐಪಿ ನೇರ ಟೈಪ್ ಮಾಡಿ ಸೇರ್ಕೊಳ್ಳಿ.

ಕೋಟೆಗೋಡೆ
ಪಿಂಗ್ ಆಗುತ್ತೆ. ಐಪಿ ಕೊಟ್ರೂ ಸೇರಲ್ಲ. ಆಫೀಸ್ ಕೆಲಸಕ್ಕೆ ವರ್ಚುವಲ್‌ಬಾಕ್ಸ್, ವಿಪಿಎನ್ ಹಾಕಿದ್ದೀನಿ, ಅದಕ್ಕೂ ಇದಕ್ಕೂ ಸಂಬಂಧ ಇರಲ್ಲ ಅಲ್ವಾ?

ಹೆಕ್ಸ್‌ಡಂಪ್
ಇದೆ. ಡೈರೆಕ್ಟ್‌ಪ್ಲೇ ಬರೆದ ಕಾಲಕ್ಕೆ ಒಂದು ಪಿಸಿಗೆ ಒಂದು ನೆಟ್‌ವರ್ಕ್ ಕಾರ್ಡ್. ಈಗ ವರ್ಚುವಲ್‌ಬಾಕ್ಸ್‌ನ ಹೋಸ್ಟ್-ಓನ್ಲಿ ಅಡಾಪ್ಟರ್ (ಸಾಫ್ಟ್‌ವೇರಲ್ಲಿ ಮಾಡಿದ ನೆಟ್‌ವರ್ಕ್ ಕಾರ್ಡ್) ಕೈಗೆ ಸಿಕ್ರೆ ಅದರ ಮೇಲೇ ಹೋಸ್ಟ್ ಮಾಡಿ ಕೂರುತ್ತೆ. ವಿಪಿಎನ್ ಡಿಸ್‌ಕನೆಕ್ಟ್ ಮಾಡಿ. ರನ್‌ನಲ್ಲಿ ಎನ್‌ಸಿಪಿಎ ಡಾಟ್ ಸಿಪಿಎಲ್ ಹೊಡೆದು, ವೈಫೈ ಒಂದನ್ನ ಬಿಟ್ಟು ಉಳಿದ ಅಡಾಪ್ಟರ್‌ಗಳನ್ನೆಲ್ಲ ಡಿಸೇಬಲ್ ಮಾಡಿ, ಆಮೇಲೆ ಗೇಮ್ ತೆಗೀರಿ. ಗೇಮ್ ಓಡ್ತಿರುವಾಗ ಮಾಡಿದ್ರೆ ಲೆಕ್ಕಕ್ಕೆ ತಗೊಳ್ಳಲ್ಲ. ಪ್ರತಿ ಸಲ ಮಾಡೋಕೆ ಬೇಜಾರಾದ್ರೆ ವೈಫೈನ ಐಪಿವಿ4 ಅಡ್ವಾನ್ಸ್ಡ್ ಸೆಟ್ಟಿಂಗ್ಸಲ್ಲಿ ಆಟೋಮ್ಯಾಟಿಕ್ ಮೆಟ್ರಿಕ್ (ಯಾವ ಅಡಾಪ್ಟರ್‌ಗೆ ಆದ್ಯತೆ ಅನ್ನೋ ಸಂಖ್ಯೆ) ತೆಗೆದು 1 ಹಾಕಿ ನೋಡಿ.

ಅಷ್ಟಕ್ಕೂ ಆಗದಿದ್ರೆ ಎರಡೂ ಮಷಿನ್ನಿನ ಐಪಿಕಾನ್ಫಿಗ್ ಹಾಕಿ, ಪೂರ್ತಿ.