ಹಿಡಿಯಬೇಕಾದ್ದು ವೇಗವನ್ನಾ, ಅಡ್ಡಾದಿಡ್ಡಿ ಓಡಿಸುವವರನ್ನಾ? ಟ್ರಾಫಿಕ್ ಇನ್ಸ್‌ಪೆಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಗಂಟೆಗೆ 100 ಕಿ.ಮೀ. ದಾಟಿದ್ದಕ್ಕೆ ನೋಟಿಸ್ ಬಂದವರು ಗುಂಪಿನಲ್ಲಿ ತುಂಬಾ ಜನ ಇದ್ದಾರೆ. ಹಾಗಾಗಿ ನಿವೃತ್ತ ಟ್ರಾಫಿಕ್ ಇನ್ಸ್‌ಪೆಕ್ಟರ್ ಶಿವಣ್ಣ ಸರ್ ಅವರನ್ನು ಕರೆದಿದ್ದೇವೆ. ಒಬ್ಬರಿಗೆ ಒಂದೇ ಪ್ರಶ್ನೆ.

ಕಿರಣ್: ಸರ್, ಬೆಳಗ್ಗೆ 6 ಗಂಟೆ, ಖಾಲಿ ರಸ್ತೆ, 118ರಲ್ಲಿದ್ದೆ. 1000 ರೂಪಾಯಿ ನೋಟಿಸ್ ಬಂತು. ಅದೇ ದಿನ ಮದ್ದೂರಿನ ಹತ್ತಿರ ಸರ್ವಿಸ್ ರೋಡಿನಲ್ಲಿ ಲೈಟೇ ಇಲ್ಲದ ಟ್ರ್ಯಾಕ್ಟರ್ ರಾಂಗ್ ಸೈಡಿನಲ್ಲಿ ಬಂತು. ಅವನಿಗೆ ಏನೂ ಇಲ್ಲ. ಇದು ನ್ಯಾಯಾನಾ?

ಶಿವಣ್ಣ: ಟ್ರ್ಯಾಕ್ಟರ್ ಮೇಲಿನ ಸಿಟ್ಟು ಸರಿ. 118 ಸರಿಯಲ್ಲ. ಫೈನ್ ಕಟ್ಟಿ.

ನಾಗರಾಜ್: ಸರ್ 50% ರಿಯಾಯಿತಿ ಮತ್ತೆ ಯಾವಾಗ?

ಶಿವಣ್ಣ: ಸರ್ಕಾರ ಆದೇಶ ಮಾಡಿದಾಗ.

ಸುಮಾ: 2023ರ ಆಗಸ್ಟ್‌ನಿಂದ ಬೈಕ್, ಆಟೋ ಎಕ್ಸ್‌ಪ್ರೆಸ್‌ವೇಗೆ ಹೋಗುವಂತಿಲ್ಲ. ಸರ್ವಿಸ್ ರೋಡಿನಲ್ಲೇ ಓಡಾಡುತ್ತೇವೆ. ಅಲ್ಲಿ ಎದುರಿಗೆ ಬರುವವರನ್ನು ಹಿಡಿಯುವವರು ಯಾರು ಸರ್?

ವೀಣಾ: ನಮ್ಮ ಯಜಮಾನರಿಗೆ ಬೆಂಗಳೂರಿನಲ್ಲಿ ನೈಟ್ ಶಿಫ್ಟ್. ಬೆಳಗಿನ ಜಾವ 4ಕ್ಕೆ ಆಫೀಸ್ ಕ್ಯಾಬ್ ರಾಮನಗರಕ್ಕೆ ಬಿಡುತ್ತದೆ. ವೇಗ ತಡೆಯುವ ಸ್ಪೀಡ್ ಗವರ್ನರ್ ಇದೆ, 80 ದಾಟಲ್ಲ. ಆದರೆ ಡ್ರೈವರ್ ತೊಡೆ ಮೇಲೆ ಫೋನ್ ಇಟ್ಟುಕೊಂಡು ಓಡಿಸುತ್ತಾನಂತೆ. ಹೋದ ವಾರ ಬಿಡದಿ ಹತ್ತಿರ ಗಾಡಿ ತಾನಾಗಿ ಎಡಕ್ಕೆ ವಾಲಿ, ರಸ್ತೆ ಅಂಚಿನ ಬಿಳಿ ಗೆರೆ ದಾಟಿತಂತೆ. ಹಗಲು ಹೊತ್ತು ಬೇರೆ ಬಾಡಿಗೆಗೂ ಹೋಗುತ್ತಾನೆ. ಇವರು ಅದನ್ನು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ. ಸ್ಪೀಡ್ ಇಲ್ಲದ ಮೇಲೆ ದೂರು ಏನಂತ ಕೊಡುವುದು?

ಶಿವಣ್ಣ: ಅಮ್ಮಾ, ಇವತ್ತು ಇಲ್ಲಿ ಬಂದಿರುವುದರಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಇದೊಂದೇ. ಅವನು ಫೋನಿಗಾಗಿ ಎಡಕ್ಕೆ ವಾಲಿದ್ದಲ್ಲ, ತೂಕಡಿಸಿದ್ದು. 80ರಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ 66 ಮೀಟರ್. ಅಷ್ಟು ದೂರ ಆ ಗಾಡಿಗೆ ಡ್ರೈವರೇ ಇಲ್ಲ. ಬೆಳಗಿನ ಜಾವದ ಅಪಘಾತಗಳ ಮಹಜರು ಮಾಡುವಾಗ ನಾನು ಮೊದಲು ನೋಡುತ್ತಿದ್ದದ್ದು ಟೈರ್ ಉಜ್ಜಿದ ಗುರುತು. ಎಷ್ಟೋ ಸಲ ಗುರುತೇ ಇರುತ್ತಿರಲಿಲ್ಲ. ಬ್ರೇಕ್ ತುಳಿಯಲು ಎಚ್ಚರ ಇರಬೇಕಲ್ಲ.

ವೇಗ ಇಲ್ಲದಿದ್ದರೂ ಕೇಸ್ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 183 ವೇಗಕ್ಕೆ, 184 ಅಪಾಯಕಾರಿ ಚಾಲನೆಗೆ. ಕೈಯಲ್ಲಿ ಫೋನ್ ಹಿಡಿಯುವುದು, ಸಿಗ್ನಲ್ ಹಾರುವುದು, ರಾಂಗ್ ಸೈಡ್, ಎಲ್ಲಾ 184ರಲ್ಲೇ ಬರುತ್ತದೆ. ಈಗಿನ ಕ್ಯಾಮೆರಾಗಳು ಫೋನನ್ನೂ ಹಿಡಿಯುತ್ತವೆ. ತೂಕಡಿಕೆ ಹಿಡಿಯಲ್ಲ. ಅದಕ್ಕೆ ಗಾಡಿ ನಿಲ್ಲಿಸಿ ಡ್ರೈವರ್ ಮುಖಕ್ಕೆ ಟಾರ್ಚ್ ಬಿಡುವ ಪೇದೆ ಬೇಕು. ಕ್ಯಾಮೆರಾ ಬಂತು ಅಂತ ರಾತ್ರಿ ಗಸ್ತು ಕಮ್ಮಿ ಮಾಡಬಾರದು. ನನ್ನ ತಕರಾರು ಇಷ್ಟೇ.

ನಾಳೆಯೇ ಯಜಮಾನರ ಕೈಲಿ ಆಫೀಸಿನ ಟ್ರಾನ್ಸ್‌ಪೋರ್ಟ್ ವಿಭಾಗಕ್ಕೆ ಬರೆಸಿ. ತಾರೀಖು, ಸಮಯ, ಜಾಗ ಇರಲಿ. ಡ್ರೈವರಿಗೆ ದಿನಕ್ಕೆ 8 ಗಂಟೆ ಕೆಲಸ ಅಂತ 1961ರ ಕಾನೂನೇ ಇದೆ, ಅದನ್ನೂ ಬರೆಸಿ. ಮತ್ತೆ ಕಣ್ಣು ಎಳೆದರೆ ಟೀ ಅಂಗಡಿ ಹತ್ತಿರ ನಿಲ್ಲಿಸಿ 20 ನಿಮಿಷ ಮಲಗಲಿ. ನಿಲ್ಲಿಸದಿದ್ದರೆ 112ಕ್ಕೆ ಫೋನ್ ಮಾಡಲಿ.

ಮಂಜುನಾಥ್: ಕೇಂದ್ರ ಸರ್ಕಾರದ ವರದಿ ಪ್ರಕಾರ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491. ಹತ್ತರಲ್ಲಿ ಏಳು ಸಾವು ಅತಿವೇಗದಿಂದ. ಇನ್ನೇನು ಚರ್ಚೆ?

ಶಿವಣ್ಣ: ಆ ಲೆಕ್ಕ ಠಾಣೆಯಿಂದ ಹೋಗುವುದು. 'ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ' ಅಂತ ನಾನೇ ನೂರಾರು ಎಫ್‌ಐಆರ್‌ನಲ್ಲಿ ಬರೆದಿದ್ದೇನೆ. ವೇಗ ಅಳೆದು ಬರೆದದ್ದಲ್ಲ, ರೂಢಿ. ಕೋರ್ಟಿನಲ್ಲಿ ಅದು ಸಾಲಲ್ಲ. ನಮ್ಮ ರಾಜ್ಯದ್ದೇ ಒಂದು ಲಾರಿ ಕೇಸಿನಲ್ಲಿ, ಬರೀ ಹೆಚ್ಚು ವೇಗದಲ್ಲಿದ್ದ ಅಂದ ಮಾತ್ರಕ್ಕೆ ಅಜಾಗರೂಕತೆ ಆಗಲ್ಲ ಅಂತ ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿದೆ. ಆರೋಪಿ ಬಿಡುಗಡೆ.

ಕಿರಣ್: ನೋಡಿ! ಸುಪ್ರೀಂ ಕೋರ್ಟೇ ಹೇಳಿದೆ. ನನಗೆ 130ರಲ್ಲೂ ಕಂಟ್ರೋಲ್ ಇದೆ.

ರಿಯಾಜ್ (ಲಾರಿ): ನಿಮ್ಮ ಕಂಟ್ರೋಲ್ ದಿನಾ ನೋಡ್ತೀವಣ್ಣ. ಎಡಗಡೆಯಿಂದ ನುಗ್ಗಿ ನಮ್ಮ ಮುಂದೆ ಬಂದು ಬ್ರೇಕ್ ಹಾಕುವುದು. ಲೋಡ್ ಗಾಡಿ ನಿಲ್ಲುತ್ತಾ?

ಕಿರಣ್: ಲಾರಿಯವರು ಬಲಗಡೆ ಲೇನ್ ಬಿಟ್ಟರೆ ನಾವ್ಯಾಕೆ ಎಡಗಡೆಯಿಂದ ಹೋಗಬೇಕು?

ರಿಯಾಜ್ (ಲಾರಿ): ಎಡಗಡೆ ಕಾರು ನಿಲ್ಲಿಸಿಕೊಂಡು ಸೆಲ್ಫಿ ತೆಗೆಯುತ್ತಿರುತ್ತೀರಲ್ಲ, ನಾವು ಹಾರಿಕೊಂಡು ಹೋಗಬೇಕಾ?

ಮಂಜುನಾಥ್: ಇಬ್ಬರದೂ ಲೈಸೆನ್ಸ್ ಕಿತ್ತುಕೊಳ್ಳಬೇಕು.

ಕಿರಣ್: ನಿಮ್ಮನ್ನು ಕೇಳಲಿಲ್ಲ.

ಶಿವಣ್ಣ: ಕಿರಣ್, ಆ ತೀರ್ಪು ಸಾವಿನ ಕೇಸ್ ಸಾಬೀತು ಮಾಡುವ ಬಗ್ಗೆ. ನಿಮ್ಮ 1000 ರೂಪಾಯಿ ಬಗ್ಗೆ ಅಲ್ಲ. ಕಂಟ್ರೋಲ್ ಲೆಕ್ಕ ಕೇಳಿ. 100ರಲ್ಲಿ ಇರುವವನು ಮುಂದೆ ದನ ಕಂಡು ಬ್ರೇಕ್ ಹಾಕಿದರೆ, ಗಾಡಿ ನಿಲ್ಲಲು ಹತ್ತಿರ ಹತ್ತಿರ 100 ಮೀಟರ್ ಬೇಕು. ಒಣ ರಸ್ತೆ, ಒಳ್ಳೆ ಟೈರ್ ಇದ್ದರೆ. ಅವನು ನಿಂತ ಆ ಜಾಗಕ್ಕೆ 130ರವನು ಬಂದಾಗ, ಅವನ ಗಾಡಿ ಇನ್ನೂ 90ರ ಮೇಲಿರುತ್ತದೆ. ಬ್ರೇಕ್ ತುಳಿದುಕೊಂಡೇ ಇದ್ದರೂ. ಮತ್ತೆ 2024ರ ಆಗಸ್ಟ್‌ನಿಂದ 130 ದಾಟಿದರೆ ಎಫ್‌ಐಆರ್. ಬರೀ ಫೈನ್ ಅಲ್ಲ.

ನಾಗರಾಜ್: *ಫಾರ್ವರ್ಡ್:* ಕನ್ನಡಿಗೆ ಹಳೇ ಸಿಡಿ ತೂಗು ಹಾಕಿದರೆ ಕ್ಯಾಮೆರಾಗೆ ಸ್ಪೀಡ್ ಸಿಗಲ್ಲ. ನಂಬರ್ ಪ್ಲೇಟಿಗೆ ಹೇರ್ ಸ್ಪ್ರೇ ಹೊಡೆಯಿರಿ. ಒಂದು ಸಲ ಫೈನ್ ಬಿದ್ದರೆ 24 ಗಂಟೆ ಫ್ರೀ. ಎಲ್ಲರಿಗೂ ತಿಳಿಸಿ 🙏

ಶಿವಣ್ಣ: ಸಿಡಿಯಲ್ಲಿ ಹಾಡು ಕೇಳಿ. ಪ್ಲೇಟ್ ಕಾಣದ ಹಾಗೆ ಮಾಡಿದರೆ ಅದಕ್ಕೇ ಇನ್ನೊಂದು ಕೇಸ್. ಎರಡು ಕಡೆ ಸ್ಪೀಡಿಗೆ ಸಿಕ್ಕಿದರೆ ಎರಡು ನೋಟಿಸ್. 24 ಗಂಟೆ ಫ್ರೀ ನಂಬಿ ಒಬ್ಬ ಹುಡುಗ 140ರಲ್ಲಿ ಹೋದರೆ ನೀವು ಬಂದು ಹೆಣ ಎತ್ತುತ್ತೀರಾ? ಅಡ್ಮಿನ್, ಇದನ್ನು ತೆಗೆಯಿರಿ.

ನಾಗರಾಜ್: ಬಂದಿದ್ದನ್ನು ಕಳಿಸಿದೆ ಸರ್. ಅಷ್ಟು ಕೋಪ ಯಾಕೆ?

ಸಂತೋಷ್: ಸರ್ ನನಗೂ 112 ಸ್ಪೀಡಿಗೆ ನೋಟಿಸ್ ಬಂದಿದೆ, ಕಟ್ಟಬೇಕಾ?

ಶಿವಣ್ಣ: ಮೇಲೆ ಓದಿ.

ಸುಮಾ: ಸರ್ವಿಸ್ ರೋಡ್ ಬಗ್ಗೆ ಕೇಳಿದ್ದೆ ಸರ್.

ಕಿರಣ್: ಪೊಲೀಸ್ ಜೀಪೇ ರಾಂಗ್ ಸೈಡಿನಲ್ಲಿ ಬರುತ್ತದೆ, ಯಾರನ್ನು ಕೇಳುತ್ತೀರಿ ಮೇಡಂ.

ವೀಣಾ: ಸರ್, ಪೋಸ್ಟ್ ತೆಗಿ ಅಂತ ಯಜಮಾನರು ಬೈಯುತ್ತಿದ್ದಾರೆ. ಡ್ರೈವರ್ ನಮ್ಮೂರಿನವನೇ. ಮೂರು ಮಕ್ಕಳು, ಕಾರಿನ ಸಾಲ ಬೇರೆ.

ಶಿವಣ್ಣ: ತೆಗೆಯಬೇಡಮ್ಮ. ಹೆಸರು, ಗಾಡಿ ನಂಬರ್ ಯಾವುದನ್ನೂ ನೀನು ಹಾಕಿಲ್ಲ. ಅವನಿಗೆ ಒಂದು ಹೊತ್ತಿನ ಡ್ಯೂಟಿ ಮಾತ್ರ ಕೊಡಿ ಅಂತ ಬರೆಸು, ಕೆಲಸದಿಂದ ತೆಗೆಯಿರಿ ಅಂತಲ್ಲ. ಇವತ್ತು ರಾತ್ರಿಯೂ ಅವನೇ ಬರುತ್ತಾನಾ?