ಓದುಗರ ಸ್ಪಂದನ: ಪಾಳಿ ಮುಗಿಸಿ ಬಂದವರ ಮೌನ

ಅಗ್ನಿಶಾಮಕ ಸಿಬ್ಬಂದಿಯೊಬ್ಬರ ಪತ್ನಿ ಬರೆದಿದ್ದ ಸಮಸ್ಯೆಯನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಮನೆಯೊಂದಕ್ಕೆ ಬೆಂಕಿ ಬಿದ್ದ ಕರೆಗೆ ಹೋಗಿ, ಒಳಗೆ ಸಿಲುಕಿದ್ದ ಇಬ್ಬರನ್ನು ಉಳಿಸಲಾಗದೆ ಮರಳಿದ ಅವರ ಪತಿ ಅಂದಿನಿಂದ ಮಾತು ಕಡಿಮೆ ಮಾಡಿದ್ದಾರೆ. ಕೇಳಿದರೆ ‘ಏನಿಲ್ಲ’ ಎನ್ನುತ್ತಾರೆ, ರಾತ್ರಿ ಎದ್ದು ಕೂರುತ್ತಾರೆ, ಆದರೂ ಪಾಳಿಗೆ ಒಂದು ದಿನವೂ ತಡ ಮಾಡಿಲ್ಲ. ‘ನಾನು ಕೇಳಬೇಕೆ, ಅವರಾಗಿಯೇ ಹೇಳುವವರೆಗೆ ಸುಮ್ಮನಿರಬೇಕೆ?’ ಎಂಬುದು ಅವರ ಪ್ರಶ್ನೆಯಾಗಿತ್ತು. ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಕೊಟ್ಟಿದ್ದೇವೆ. ಎಲ್ಲವೂ ಆ ಪ್ರಶ್ನೆಗೇ ಉತ್ತರವಲ್ಲ. ಆದರೂ ಕೈಬಿಡಲು ಮನಸ್ಸಾಗಲಿಲ್ಲ.

*

ತಂಗಿ, ನಾನು ಠಾಣಾಧಿಕಾರಿಯಾಗಿ ನಿವೃತ್ತನಾದವನು. ನಿಮ್ಮ ಯಜಮಾನರು ಹೇಳಲು ಹೊರಟರೆ ಎಲ್ಲಿಂದ ಆರಂಭಿಸಬೇಕಾಗುತ್ತದೆ ಎಂಬುದನ್ನು ಒಮ್ಮೆ ಯೋಚಿಸಿ ನೋಡಿ. ಗಂಟೆ ಬಾರಿಸಿದಾಗ ಗಾಢ ನಿದ್ರೆಯಲ್ಲಿದ್ದವನು ಒಂದೆರಡು ನಿಮಿಷದೊಳಗೆ ವಾಹನದಲ್ಲಿರಬೇಕು. ಕಣ್ಣು ಪೂರ್ತಿ ತೆರೆಯುವ ಮೊದಲೇ ಎದೆಬಡಿತ ಏರಿರುತ್ತದೆ. ಉಡುಪು, ಹೆಲ್ಮೆಟ್, ಉಸಿರಾಟದ ಸೆಟ್ ಎಲ್ಲ ಸೇರಿ ಮೈಮೇಲೆ ಇಪ್ಪತ್ತು ಕಿಲೋಗಿಂತ ಹೆಚ್ಚಿನ ಭಾರ. ಹೊಗೆ ತುಂಬಿದ ಕೋಣೆಯಲ್ಲಿ ಮುಖದ ಮುಂದೆ ಹಿಡಿದ ಸ್ವಂತ ಕೈಗವಸೂ ಕಾಣುವುದಿಲ್ಲ. ಒಂದು ಕೈ ಗೋಡೆಗೆ ಆನಿಸಿ, ಇನ್ನೊಂದು ಕೈಯಿಂದ ನೆಲ ಸವರುತ್ತಾ, ಮೊಣಕಾಲಿನ ಮೇಲೆ ಸಾಗಬೇಕು. ಸಿಲಿಂಡರಿನ ಮೇಲೆ ಮೂವತ್ತು ನಿಮಿಷವೆಂದು ಬರೆದಿದ್ದರೂ ದುಡಿಯುವವನ ಉಸಿರಿಗೆ ಅದು ಅಷ್ಟು ಹೊತ್ತು ಬರುವುದಿಲ್ಲ. ಒತ್ತಡ ಇಳಿದಾಗ ಎದೆಯ ಬಳಿ ಸೀಟಿ ಕೂಗತೊಡಗುತ್ತದೆ. ಆಗ ಕೈಗೆ ಏನು ಸಿಕ್ಕಿತ್ತೋ, ಏನು ಸಿಕ್ಕಿರಲಿಲ್ಲವೋ, ಹೊರಗೆ ಬರಲೇಬೇಕು.

ಜನ ‘ತಡವಾಗಿ ಬಂದರು’ ಎನ್ನುತ್ತಾರೆ. ಹಳೆಯ ಕಾಲದ ಮರ ಮತ್ತು ಹತ್ತಿಯ ಸಾಮಾನಿದ್ದ ಕೋಣೆ ಪೂರ್ತಿ ಹೊತ್ತಿಕೊಳ್ಳಲು ಹಿಡಿಯುತ್ತಿದ್ದ ಸಮಯಕ್ಕೂ, ಇಂದಿನ ಫೋಮ್ ಮತ್ತು ಪ್ಲಾಸ್ಟಿಕ್ ತುಂಬಿದ ಕೋಣೆ ಹಿಡಿಯುವ ಸಮಯಕ್ಕೂ ಹೋಲಿಕೆಯೇ ಇಲ್ಲ. ಛಾವಣಿಯಡಿ ಕಟ್ಟಿಕೊಂಡ ಬಿಸಿ ಹೊಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕೋಣೆಯಲ್ಲಿರುವುದೆಲ್ಲ ಒಮ್ಮೆಗೇ ಹತ್ತಿಕೊಳ್ಳುತ್ತದೆ, ಮತ್ತು ಈಗಿನ ಮನೆಗಳಲ್ಲಿ ಅದಕ್ಕೆ ಐದು ನಿಮಿಷವೂ ಬೇಕಾಗದಿರಬಹುದು. ಆಮೇಲೆ ಆ ಕೋಣೆಯಲ್ಲಿ ಯಾರೂ ಉಳಿಯುವುದಿಲ್ಲ, ರಕ್ಷಣಾ ಉಡುಪು ತೊಟ್ಟವನಿಗೂ ಕೆಲವೇ ಕ್ಷಣಗಳ ಅವಕಾಶ. ಇದನ್ನೆಲ್ಲ ತಿಳಿದವನಿಗೆ ‘ಏನಾಯಿತು?’ ಎಂಬ ಪ್ರಶ್ನೆ ಬಲು ದೊಡ್ಡದಾಗಿ ಕಾಣುತ್ತದೆ.

ಆದರೆ ನಮ್ಮ ಬದುಕು ಬರೀ ಇದಲ್ಲ. ಹೆಚ್ಚಿನ ದಿನಗಳು ಹೋಸ್ ಒಣಹಾಕುವುದು, ಪಂಪ್ ಓಡಿಸಿ ನೋಡುವುದು, ಸಿಲಿಂಡರಿನ ಒತ್ತಡ ಬರೆದಿಡುವುದು, ಏಣಿಯ ಡ್ರಿಲ್ ಇವುಗಳಲ್ಲೇ ಕಳೆಯುತ್ತವೆ. ಕರೆ ಬಂದರೂ ಲಿಫ್ಟಿನಲ್ಲಿ ಸಿಲುಕಿದವರು, ಉರುಳಿದ ಮರ, ಅಪಘಾತದ ವಾಹನದಲ್ಲಿ ಕಾಲು ಸಿಕ್ಕಿಕೊಂಡವರು. ಆ ದಿನಗಳ ಬಗ್ಗೆ ಕೇಳಿ. ಅದಕ್ಕೆ ಉತ್ತರ ಸಿಗುತ್ತದೆ, ಮಾತಿನ ದಾರಿಯೂ ಮುಚ್ಚುವುದಿಲ್ಲ.

— ನಿವೃತ್ತ ಠಾಣಾಧಿಕಾರಿ

*

ಮಾನ್ಯರೇ, ಆ ಕರೆಯಲ್ಲಿ ಇಬ್ಬರು ಸತ್ತಿದ್ದಾರೆ, ಪತ್ರ ಬರೆದವರ ಗಂಡ ಮನೆಗೆ ಬಂದಿದ್ದಾರೆ. ಮಾತಾಡಲಿಲ್ಲ ಎಂಬುದು ಪತ್ರಿಕೆಗೆ ಬರೆಯುವಂಥ ವಿಷಯವೇ?

— ಒಬ್ಬ ಓದುಗ

*

(ಈ ಪತ್ರವನ್ನು ಒಂದಕ್ಷರವೂ ಬಿಡದೆ ಕೊಟ್ಟಿದ್ದೇವೆ. ಸಹೋದರಿಯವರ ಪತ್ರವನ್ನು ಮತ್ತೊಮ್ಮೆ ಓದಿ ನೋಡಿದೆವು. ಅದರಲ್ಲಿ ಪತಿಯ ಮೇಲೆ ದೂರು ಎಲ್ಲಿಯೂ ಕಾಣಲಿಲ್ಲ. ಮುಂದಿನ ಪತ್ರ ದೀರ್ಘವಾಗಿದೆ. ಚಿಕ್ಕದು ಮಾಡುವ ಅಧಿಕಾರ ನಮಗಿದ್ದರೂ ಬಳಸಲಿಲ್ಲ. — ಸಂ.)

*

ಮಗಳೇ, ನಿನ್ನ ಪತ್ರವನ್ನು ನಾನು ಓದಬಾರದಿತ್ತು ಎಂದುಕೊಂಡೆ, ಆಮೇಲೆ ಉತ್ತರ ಬರೆಯದೆ ಇರಲಾಗಲಿಲ್ಲ. ನನ್ನ ಮಗ ರಕ್ಷಣಾ ದಳದಲ್ಲಿದ್ದ. ಈಗ ಇಲ್ಲ; ಬದುಕಿದ್ದಾನೆ, ಆರೋಗ್ಯವಾಗಿದ್ದಾನೆ, ಬೇರೆ ಕೆಲಸದಲ್ಲಿದ್ದಾನೆ, ಆದರೆ ದಳಕ್ಕೆ ಸೇರಿದ ದಿನ ಮನೆಗೆ ಬಂದು ಬೂಟು ಕಳಚದೆಯೇ ಅಂಗಳದಲ್ಲಿ ಓಡಾಡಿದ್ದ ಹುಡುಗ ಇವನೇ ಎಂದು ಹೇಳಿದರೆ ಯಾರೂ ನಂಬುವುದಿಲ್ಲ.

ಒಂದು ವಸತಿ ಕಟ್ಟಡದ ಬೆಂಕಿಯಲ್ಲಿ ಮೇಲಿನ ಮಹಡಿಯವರನ್ನು ಮೆಟ್ಟಿಲ ಮೂಲಕ ಇಳಿಸುವ ಹೊಣೆ ಅವನದಾಗಿತ್ತು. ನಡುವಿನ ಮಹಡಿಯಲ್ಲಿ ಒಂದು ಮುಚ್ಚಿದ ಬಾಗಿಲಿತ್ತು. ಅದನ್ನು ಅವನು ತೆರೆಯಲಿಲ್ಲ. ಒಳಗೆ ಒಬ್ಬರು ಇದ್ದರೆಂದು ಬೆಂಕಿ ಆರಿದ ಮೇಲೆ ತಿಳಿಯಿತು. ಇಷ್ಟು ಮಾತ್ರ ನನಗೆ ಆಗ ಗೊತ್ತಿದ್ದದ್ದು, ಅದೂ ಬೇರೆಯವರಿಂದ. ಅವನು ಮನೆಯಲ್ಲಿ ಏನೂ ಹೇಳಲಿಲ್ಲ. ಆದರೆ ಸಂಜೆಯಾದರೆ ಹರಿದ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲ್ ಹಿಡಿದು ಆ ಮಹಡಿಯ ನಕ್ಷೆ ಬರೆಯುತ್ತಿದ್ದ: ಮೆಟ್ಟಿಲು, ತಿರುವು, ಬಾಗಿಲು, ಹೋಸ್ ಎಲ್ಲಿಯವರೆಗೆ ಬಂದಿತ್ತು ಎಂಬ ಗೆರೆ. ಮರುದಿನ ಮತ್ತೊಂದು ಹಾಳೆ, ಅದೇ ನಕ್ಷೆ, ಬಾಗಿಲಿನ ಜಾಗ ಮಾತ್ರ ಒಂದಿಷ್ಟು ಆಚೀಚೆ. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಅವನು ಕೂರಬೇಡ ಎನ್ನಲಿಲ್ಲ, ಹಾಳೆಯನ್ನು ಮರೆಮಾಡಲೂ ಇಲ್ಲ.

ವಿಚಾರಣೆ ನಡೆಯಿತು. ಕರೆಸಿದರು, ಕೇಳಿದರು, ಬರೆದುಕೊಂಡರು, ಕಳಿಸಿದರು. ಅದರ ಫಲಿತಾಂಶವೇನೆಂದು ಅವನಿಗೆ ಯಾರೂ ತಿಳಿಸಲಿಲ್ಲ. ಸತ್ತವರನ್ನು ನೋಡಿದ್ದಕ್ಕಿಂತ ಆ ಕಾಯುವಿಕೆ ಅವನನ್ನು ಹೆಚ್ಚು ಸವೆಸಿತು ಎಂದು ನಾನು ಈಗಲೂ ನಂಬಿದ್ದೇನೆ. ತಪ್ಪಾಯಿತು ಎಂದರೂ ತಡೆದುಕೊಳ್ಳುತ್ತಿದ್ದನೇನೋ, ತಪ್ಪಿಲ್ಲ ಎಂದರೂ ತಡೆದುಕೊಳ್ಳುತ್ತಿದ್ದ. ಎರಡನ್ನೂ ಹೇಳದೆ ಅವನನ್ನು ಎಂದಿನಂತೆ ಪಾಳಿಗೆ ಹಾಕಿದರು.

ಕೊನೆಗೆ ಅವನ ಪಾಳಿಯ ಹಿರಿಯರೊಬ್ಬರು ತಾವಾಗಿಯೇ ಮನೆಗೆ ಬಂದರು. ಕುಶಲ ಕೇಳಲಿಲ್ಲ, ಸಮಾಧಾನ ಹೇಳಲಿಲ್ಲ. ಮೇಜಿನ ಮೇಲಿದ್ದ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ‘ಬಾಗಿಲ ಸಂದಿಯಿಂದ ಹೊಗೆ ಹೇಗೆ ಬರುತ್ತಿತ್ತು?’ ಎಂದು ಕೇಳಿದರು. ಒಳಗೂ ಹೊರಗೂ ಉಸಿರಾಡಿದ ಹಾಗೆ ಎಂದ ಮಗ. ಬಣ್ಣ ಗುಳ್ಳೆ ಎದ್ದಿತ್ತೇ? ಎದ್ದಿತ್ತು. ಹೋಸ್ ಎಷ್ಟು ಕೆಳಗಿತ್ತು? ಒಂದು ತಿರುವು ಕೆಳಗೆ. ನಿನ್ನ ಹಿಂದೆ ಮೆಟ್ಟಿಲಲ್ಲಿ ಯಾರಿದ್ದರು? ಆಗ ಅವನು ಒಬ್ಬೊಬ್ಬರನ್ನಾಗಿ ಹೇಳಿದ: ಮಗುವನ್ನು ಎತ್ತಿಕೊಂಡವಳು, ಮುದುಕರು, ಅವರ ಕೈ ಹಿಡಿದಿದ್ದ ಹುಡುಗ. ಗಾಳಿಗಾಗಿ ಕಾದು ಕೂತ ಬೆಂಕಿ ಬಾಗಿಲು ತೆರೆದ ಕ್ಷಣ ಎಲ್ಲಿಗೆ ನುಗ್ಗುತ್ತಿತ್ತು ಎಂಬುದನ್ನು ಆ ಹಿರಿಯರು ಪೆನ್ಸಿಲಿನಿಂದ ಮೆಟ್ಟಿಲುದ್ದಕ್ಕೂ ಗೀಚಿ ತೋರಿಸಿದರು. ನೀರು ಕೈಯಲ್ಲಿಲ್ಲದೆ ಆ ಬಾಗಿಲು ತೆರೆಯಬಾರದೆಂದು ತಾವೇ ಅವನಿಗೆ ಕಲಿಸಿದ್ದೆಂದೂ ಹೇಳಿದರು. ನನ್ನ ಮಗ ಅಂದು ಅತ್ತ. ನಾನು ಎಷ್ಟು ಪ್ರೀತಿಯಿಂದ ‘ನಿನ್ನ ತಪ್ಪಲ್ಲ’ ಎಂದಿದ್ದರೂ ಅದಕ್ಕೆ ಬೆಲೆಯಿರಲಿಲ್ಲ, ಏಕೆಂದರೆ ನನಗೆ ಹೊಗೆಯ ಬಗ್ಗೆ ಏನೂ ಗೊತ್ತಿರಲಿಲ್ಲ. ಅವನಿಗೂ ಅದು ಗೊತ್ತಿತ್ತು.

ಆ ಹಿರಿಯರು ಬರುವ ಹೊತ್ತಿಗೆ ಅವನು ರಾಜೀನಾಮೆ ಕೊಟ್ಟಾಗಿತ್ತು. ಅದೇ ನನ್ನ ಸಂಕಟ. ನಾಲ್ಕು ಪ್ರಶ್ನೆಗಳಷ್ಟೇ ಬೇಕಿದ್ದದ್ದು, ಆ ನಾಲ್ಕು ಪ್ರಶ್ನೆಗಳನ್ನು ಮೊದಲ ವಾರದಲ್ಲೇ ಕೂತು ಕೇಳುವುದು ಯಾರ ಕರ್ತವ್ಯವೂ ಆಗಿರಲಿಲ್ಲ. ಆದ್ದರಿಂದ ನಿನ್ನ ಮಾತಿಗೆ ಅವರು ಬಾಯಿ ಬಿಡದಿದ್ದರೆ ಅದನ್ನು ನಿನ್ನ ಸೋಲೆಂದು ಎಣಿಸಬೇಡ. ಅವರ ಜೊತೆ ಆ ಮನೆಯೊಳಗೆ ಹೋದವರು ಯಾರೆಂದು ತಿಳಿದುಕೋ. ಅವರಲ್ಲಿ ಒಬ್ಬರನ್ನು ಮನೆಗೆ ಕರೆ. ಕರೆಯುವಾಗ ಗಂಡನಿಗೆ ಹೇಳಿಯೇ ಕರೆ. ಬೆನ್ನ ಹಿಂದೆ ಏರ್ಪಾಡು ಮಾಡಿದರೆ ಅದನ್ನು ಅವರು ಕ್ಷಮಿಸಲಿಕ್ಕಿಲ್ಲ.

— ಒಬ್ಬ ತಾಯಿ

*

(ಈ ತಾಯಿಯ ಪತ್ರದ ನಂತರ ಮನಃಶಾಸ್ತ್ರ ಬಲ್ಲವರೊಬ್ಬರ ಪತ್ರವನ್ನು ಇಡುವುದು ಸೂಕ್ತವೆನಿಸಿತು. — ಸಂ.)

*

ಆಘಾತಕ್ಕೊಳಗಾದವರಿಗೆ ನೆರವಾಗುವ ಕೆಲಸದಲ್ಲಿರುವುದರಿಂದ ಎರಡು ಮಾತು ಸೇರಿಸುತ್ತೇನೆ. ದುರಂತದ ಮರುದಿನವೇ ಎಲ್ಲರನ್ನೂ ಕೂರಿಸಿ, ಕಂಡದ್ದನ್ನೂ ಅನುಭವಿಸಿದ್ದನ್ನೂ ಹೇಳಿಸಿದರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ 1980ರ ದಶಕದಿಂದ ತುರ್ತು ಸೇವೆಗಳಲ್ಲಿ ಬಲವಾಗಿತ್ತು. ಅಂಥ ಒಂದೇ ಕೂಟದ ಮಾತುಕತೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ 2002ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಅಂತರರಾಷ್ಟ್ರೀಯ ಸಂಸ್ಥೆ) ವಿಮರ್ಶೆ, ಅದು ಆಘಾತೋತ್ತರ ಒತ್ತಡದ ಕಾಯಿಲೆಯನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದೂ, ಅದನ್ನು ಕಡ್ಡಾಯ ಮಾಡುವುದು ನಿಲ್ಲಬೇಕೆಂದೂ ಹೇಳಿತು. ಹಾಗಾಗಿ ಬಲವಂತದಿಂದ ಬಾಯಿ ಬಿಡಿಸಬೇಡಿ. ಆದರೆ ಬಾಯಿ ಬಿಡಿಸದಿರುವುದಕ್ಕೂ ಗಮನಿಸದಿರುವುದಕ್ಕೂ ವ್ಯತ್ಯಾಸವಿದೆ. ನಿದ್ರೆ ಕೆಡುವುದು, ಕಂಡದ್ದು ಮತ್ತೆ ಕಣ್ಣ ಮುಂದೆ ಬರುವುದು, ಆ ಜಾಗವನ್ನೋ ಆ ಮಾತನ್ನೋ ತಪ್ಪಿಸುವುದು ಮೊದಲ ಕೆಲವು ವಾರಗಳಲ್ಲಿ ಅನೇಕರಲ್ಲಿ ಕಾಣುತ್ತದೆ, ತಾನಾಗಿ ಇಳಿಯುತ್ತದೆ. ಒಂದು ತಿಂಗಳು ಮೀರಿಯೂ ಹಾಗೇ ಉಳಿದರೆ, ಕುಡಿತ ಹೆಚ್ಚಿದರೆ, ಬದುಕೇ ಬೇಡವೆಂಬ ಧ್ವನಿ ಕೇಳಿದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಇದಕ್ಕೆ ಚಿಕಿತ್ಸೆಯಿದೆ, ಅದು ಫಲ ಕೊಡುತ್ತದೆ.

— ಆಪ್ತ ಸಮಾಲೋಚಕಿ

*

ನೀವು ಕೇಳಿದ್ದು ಇದನ್ನಲ್ಲ, ಆದರೂ ಕೇಳದೆಯೇ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ, ಅವರು ಬೆಂಕಿಯ ಕೆಲಸದಿಂದ ಬಂದು ‘ಅದೇ ಬಟ್ಟೆಯಲ್ಲಿ ಬಹಳ ಹೊತ್ತು ಕೂತಿರುತ್ತಾರೆ’ ಎಂಬ ಒಂದು ಸಾಲಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲನೆಯ ಗುಂಪಿಗೆ ಸೇರಿಸಿದೆ. ಮಸಿ ಉಸಿರಿನ ಮೂಲಕ ಮಾತ್ರವಲ್ಲ, ಚರ್ಮದ ಮೂಲಕವೂ ದೇಹ ಸೇರುತ್ತದೆ. ಕುತ್ತಿಗೆ, ದವಡೆಯ ಅಡಿ, ಮಣಿಕಟ್ಟು ಹೆಚ್ಚು ಒಡ್ಡಿಕೊಳ್ಳುವ ಜಾಗಗಳು. ಉರಿ ಆರಿದ ಮೇಲೆ ಅವಶೇಷ ಕೆದಕುವಾಗ ಹೊಗೆ ಕಡಿಮೆಯಾಯಿತೆಂದು ಮುಖವಾಡ ತೆಗೆಯುವ ಅಭ್ಯಾಸ ಎಲ್ಲೆಡೆ ಇದೆ. ಕಣ್ಣಿಗೆ ಕಾಣದ ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸಯನೈಡ್ ಆಗಲೂ ಅಲ್ಲಿರುತ್ತವೆ. ಉಡುಪು ಠಾಣೆಯಲ್ಲೇ ಒಗೆಯಲ್ಪಡಬೇಕು. ಮನೆಗೆ ಬಂದರೆ ಮಕ್ಕಳ ಬಟ್ಟೆಯೊಂದಿಗೆ ಬೆರೆಸಬೇಡಿ, ಮಲಗುವ ಕೋಣೆಗೆ ತರಲು ಬಿಡಬೇಡಿ. ಮಾತು ನಾಳೆಯಾದರೂ ಆಗಬಹುದು, ಸ್ನಾನ ಮಾತ್ರ ಬಂದ ಕೂಡಲೇ ಆಗಲಿ.

— ಔದ್ಯೋಗಿಕ ಆರೋಗ್ಯ ವಿಭಾಗದ ವೈದ್ಯ

*

ಸಂಪಾದಕರೇ, ಅವರು ತಡವಾಗಿ ತಲುಪಿದ್ದಕ್ಕೆ ನಾವು ನಾಗರಿಕರೇ ಕಾರಣ. ಏಣಿ ವಾಹನ ನೆಲೆಗೊಳ್ಳಬೇಕಾದರೆ ಎರಡೂ ಬದಿಗೆ ತನ್ನ ಕಾಲು ಚಾಚಿ ಊರಬೇಕು. ಅಲ್ಲಿ ಒಂದು ಕಾರು ನಿಂತಿದ್ದರೆ ಎಷ್ಟೇ ಎತ್ತರದ ಏಣಿಯಿದ್ದರೂ ಉಪಯೋಗವಿಲ್ಲ. ತುರ್ತು ಮೆಟ್ಟಿಲಿಗೆ ಬೀಗ ಹಾಕಿ ಹಳೆ ಸಾಮಾನು ತುಂಬುವವರ ಮೇಲೆ ಮೊದಲು ಕ್ರಮವಾಗಲಿ.

— ವಸತಿ ಸಮುಚ್ಚಯವೊಂದರ ನಿವಾಸಿ

*

(ಸಹೋದರಿಯವರು ತಮ್ಮ ಪತಿ ತಡವಾಗಿ ತಲುಪಿದರೆಂದು ಬರೆದಿರಲಿಲ್ಲ ಎಂಬುದನ್ನು ನೆನಪಿಸುತ್ತೇವೆ. ತುರ್ತು ಮೆಟ್ಟಿಲಿನ ಮಾತಿಗೆ ನಮ್ಮ ತಕರಾರಿಲ್ಲ. — ಸಂ.)

*

ನಾನು ಕಂಟ್ರೋಲ್ ರೂಮಿನಲ್ಲಿ ಕರೆ ಸ್ವೀಕರಿಸುವವಳು. ನಾವು ಮೊದಲು ವಿಳಾಸ ಕೇಳುತ್ತೇವೆ, ಏನಾಗಿದೆ ಎಂಬುದನ್ನು ಆಮೇಲೆ. ಲೈನ್ ಕಡಿದುಹೋದರೂ ವಾಹನ ಕಳಿಸಬಹುದಲ್ಲ ಎಂದು. ಕೂಗುತ್ತಿರುವವರಿಗೆ ಅದು ಕಟುಕತನದಂತೆ ಕೇಳಿಸುತ್ತದೆ. ಹೊರಬರಲಾಗದವರಿಗೆ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯ ಬಳಿ ನೆಲಕ್ಕೆ ಹತ್ತಿರವಾಗಿ ಕೂರಿ ಎನ್ನುತ್ತೇವೆ. ಮಾತಾಡುತ್ತಾ ಇರುತ್ತೇವೆ. ಕೆಲವೊಮ್ಮೆ ಆ ಕಡೆಯ ಉತ್ತರ ನಿಲ್ಲುತ್ತದೆ, ನಮ್ಮ ಮುಂದೆ ಇನ್ನೊಂದು ಕರೆಯ ದೀಪ ಹೊತ್ತುತ್ತದೆ. ಆ ಮನೆಯವರು ಏನಾದರೆಂದು ನಮಗೆ ತಿಳಿಸುವ ಪದ್ಧತಿಯಿಲ್ಲ. ನಾನು ಮರುದಿನ ವಾಹನದ ಡ್ರೈವರನ್ನು ಹುಡುಕಿ ಕೇಳುತ್ತೇನೆ. ಅವರು ಎರಡು ವಾಕ್ಯದಲ್ಲಿ ಹೇಳುತ್ತಾರೆ, ನನಗೆ ಅಷ್ಟು ಸಾಕಾಗುತ್ತದೆ. ನಿಮ್ಮ ಪತಿಗೂ ಪೂರ್ತಿ ಕಥೆ ಹೇಳುವ ಅಗತ್ಯವಿಲ್ಲದಿರಬಹುದು, ಎರಡು ವಾಕ್ಯ ಹೇಳಲು ತಕ್ಕ ಒಬ್ಬ ಮನುಷ್ಯ ಬೇಕಿರಬಹುದು.

— ಕಂಟ್ರೋಲ್ ರೂಮ್ ಸಿಬ್ಬಂದಿ

*

ನಾನು ಲೀಡಿಂಗ್ ಫೈರ್‌ಮನ್. ಕಳೆದ ಸಂಚಿಕೆಯ ಆ ಪುಟವನ್ನು ನನ್ನ ಹೆಂಡತಿ ತೆರೆದಿಟ್ಟು ಒಳಗೆ ಹೋದಳು. ಅಕ್ಕಾ, ಕೇಳಿ. ನಾವು ಹೇಳದಿದ್ದರೂ ಕೇಳಿ, ಒಂದು ಸಲ. ಉತ್ತರ ಬಾರದಿದ್ದರೆ ಮತ್ತೆ ಮತ್ತೆ ಕೇಳಬೇಡಿ, ಆದರೆ ಕೇಳಿದ್ದೀರಿ ಎಂಬುದು ನಮಗೆ ನೆನಪಿರುತ್ತದೆ. ಇನ್ನುಳಿದದ್ದು ನಮ್ಮ ಪಾಳಿಯವರ ಕೆಲಸ. ಕರೆ ಮುಗಿಸಿ ಬಂದು ಹೋಸ್ ತೊಳೆಯುವಾಗ ನಾವು ನಾಲ್ಕೈದು ಮಂದಿ ಒಟ್ಟಿಗೇ ಇರುತ್ತೇವೆ. ಅಲ್ಲಿ ಮೊದಲು ಬಾಯಿ ತೆರೆಯಬೇಕಾದವನು ಹಿರಿಯ. ಈ ಸಲ ಆ ಹಿರಿಯ ನಾನೇ.

— ಹೆಸರು ಬೇಡ

*

(ಮೂಲ ಪತ್ರ ಬರೆದ ಸಹೋದರಿಯವರಿಗೆ: ಇಲ್ಲಿ ಅಚ್ಚಾಗದ ಪತ್ರಗಳನ್ನೂ ನಿಮಗೆ ಅಂಚೆಯಲ್ಲಿ ಕಳಿಸಿದ್ದೇವೆ. ಅವುಗಳಲ್ಲಿ ಕೆಲವು ಸೇವೆಯಲ್ಲಿರುವವರು ನಿಮ್ಮ ಪತಿಯನ್ನು ಸಂಬೋಧಿಸಿಯೇ ಬರೆದವು. ಅವನ್ನು ತೆರೆಯದೆ ಅವರ ಕೈಗೇ ಕೊಡಿ ಎಂದು ಬರೆದವರು ಕೋರಿದ್ದಾರೆ. ವಿಚಾರಣೆಯ ಫಲಿತಾಂಶವನ್ನು ಸಿಬ್ಬಂದಿಗೆ ತಿಳಿಸುವ ಕ್ರಮ ತಮ್ಮ ಠಾಣೆಗಳಲ್ಲಿ ಹೇಗಿದೆ ಎಂಬುದನ್ನು ಅಧಿಕಾರಿಗಳು ಬರೆದರೆ ಮುಂದಿನ ಸಂಚಿಕೆಯಲ್ಲಿ ಸ್ಥಳ ಕಾದಿರಿಸುತ್ತೇವೆ. — ಸಂ.)